ಕಬ್ಬಿಣದ ಮೊಳಗೋಲು

ಕೋಟೆಯ ಹೊಸ ಬಾಗಿಲನ್ನು ಎತ್ತಿ ನಿಲ್ಲಿಸಿದರೆ, ಬಾಗಿಲಿಗೂ ಗೋಡೆಗೂ ನಡುವೆ ಹಂದಿ ನುಸುಳುವಷ್ಟು ಸಂದು ಉಳಿಯಿತು. ದೊರೆ ದೊಬ್ರೊಗೊಸ್ತ್ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

“ದಾಳಿ ಮಾಡೋರಿಗೆ ಕಿಟಕಿ ಬೇರೆ ಇಟ್ಟುಕೊಟ್ಟಿದೀರಲ್ರಯ್ಯಾ!”

“ಗೋಡೆ ಸರಿಯಾಗೇ ಇದೆ, ಪ್ರಭು,” ಎಂದ ಮಜೋವಿಯಾದ ಗಾರೆಯವನು ಪಾಕೊಸ್ವಾವ್. “ಹತ್ತು ಮೊಳ ಅಂದ್ರಿ, ಹತ್ತು ಮೊಳ ಬಿಟ್ಟಿದೀವಿ. ನಮ್ಮ ಮೊಳದಲ್ಲಿ.”

“ನಾವೂ ಹತ್ತೇ ಮಾಡಿದ್ದು,” ಎಂದ ಕ್ರಾಕೋವಿನ ಬಡಗಿ. “ಮನುಷ್ಯರ ಮೊಳದಲ್ಲಿ.”

ಇಬ್ಬರೂ ಕೈ ಕೈ ಮಿಲಾಯಿಸುವುದರೊಳಗೆ ದೊರೆ ನಡುವೆ ಬಂದು ನಿಂತ. ಮಜೋವಿಯಾ, ಕ್ರಾಕೋವ್ ಎಂದು ಹರಿದು ಹಂಚಿಹೋಗಿದ್ದ ರಾಜ್ಯವನ್ನು ಒಂದು ಮಾಡುವುದರಲ್ಲೇ ಅವನ ಗಡ್ಡ ನರೆತಿತ್ತು. ಒಂದೇ ಕಾನೂನು, ಒಂದೇ ಅಳತೆ ಎಂದು ಊರೂರಿಗೂ ಕಬ್ಬಿಣದ ಮೊಳಗೋಲು ಕಳಿಸಿದ್ದ. ಕೋಟೆಯ ಮುಂದಿನ ನದಿ ಹೆಪ್ಪುಗಟ್ಟಿದ ದಿನ ಲಿಥುವೇನಿಯಾದ ಸವಾರರು ಅದರ ಮೇಲೆಯೇ ದಾಳಿಗೆ ಬರುತ್ತಾರೆ. ಅಷ್ಟರೊಳಗೆ ಈ ಬಾಗಿಲು ಮುಚ್ಚಬೇಕು. ದಡದಲ್ಲಿ ಆಗಲೇ ಹಿಮದ ತೆಳು ಪದರ ಕಟ್ಟಿತ್ತು.

“ನಾನು ಕಳಿಸಿದ ಕೋಲೆಲ್ಲಿ?”

“ಚರ್ಚಲ್ಲಿದೆ, ಪ್ರಭು. ತಾವು ಕೊಟ್ಟಿದ್ದು, ಬಿಷಪ್ಪರು ಆಶೀರ್ವದಿಸಿದ್ದು. ಗಾರೆ ಕೈಯಲ್ಲಿ ಮುಟ್ಟೋಕಾಗುತ್ತಾ?” ಎಂದ ಗಾರೆಯ ಆಳೊಬ್ಬ.

ದೊರೆ ದಡದಡ ಚರ್ಚಿಗೆ ನಡೆದ. ರೇಷ್ಮೆ ಹಾಸಿದ ಪೀಠವಿತ್ತು, ಮೇಣದ ಬತ್ತಿಗಳಿದ್ದವು. ಕೋಲು ಮಾತ್ರ ಇರಲಿಲ್ಲ.

“ಪಾಕೊಸ್ವಾವನ ಮಗಳು ಬೊಗ್ನಾಗೆ ನಿನ್ನೆಯಿಂದ ಹೆರಿಗೆ ನೋವು,” ಎಂದರು ಪಾದ್ರಿ. “ಕೈಯಲ್ಲಿ ಹಿಡ್ಕೊಳ್ಳಲಿ ಅಂತ ಕೋಲನ್ನ ಅವಳ ಮನೆಗೆ ಕಳಿಸಿದೀವಿ.”

“ಅದು ಬಟ್ಟೆ, ಮರ ಅಳೆಯೋ ಕಬ್ಬಿಣ ಕಣ್ರೀ!”

“ಹೌದು, ಪ್ರಭು. ಅದು ಬಂದಮೇಲೆ ಹೆರಿಗೇಲಿ ಒಬ್ಬಳೂ ಸತ್ತಿಲ್ಲ.”

ಪಾಕೊಸ್ವಾವನ ಮನೆ ಕೋಟೆಗೋಡೆಯ ಮಗ್ಗುಲಲ್ಲೇ ಇತ್ತು. ಕದ ತಳ್ಳಲು ದೊರೆ ಕೈ ಎತ್ತಿದ. ಒಳಗಿನಿಂದ ಬೊಗ್ನಾ ಕಿರುಚಿದಳು. ಅವನ ರಾಣಿಯೂ ಒಮ್ಮೆ ಹೀಗೆಯೇ ಕಿರುಚಿದ್ದಳು; ಆಮೇಲೆ ಸುಮ್ಮನಾಗಿಬಿಟ್ಟಿದ್ದಳು. ದೊರೆಯ ಬೆನ್ನ ಹಿಂದೆ ಪಾಕೊಸ್ವಾವ್ ಟೋಪಿ ಹಿಚುಕುತ್ತಾ ನಿಂತಿದ್ದ.

“ಥೂ, ನಿಮ್ಮ ಸಹವಾಸವೇ!” ಎಂದು ದೊರೆ ಕೈ ಇಳಿಸಿ ಕೋಟೆಬಾಗಿಲಿಗೆ ವಾಪಸು ಬಂದ.

“ಸಂದಿಗೆ ಹಲಗೆ ಕೂರಿಸ್ತೀವಿ, ಪ್ರಭು,” ಎಂದ ಬಡಗಿ. “ಆದ್ರೆ ಇವರ ಮೊಳದಲ್ಲಂತೂ ಅಳೆಯಲ್ಲ.”

“ಇವರದ್ದರಲ್ಲಿ ನಾವೂ ಅಳೆಯಲ್ಲ,” ಎಂದ ಪಾಕೊಸ್ವಾವ್.

ದೊರೆ ತುಪ್ಪಳದ ನಿಲುವಂಗಿ ಕಿತ್ತೆಸೆದ. ಅಂಗಿಯ ತೋಳು ಮಡಿಚಿ, ಓಕ್ ಹಲಗೆಯ ಪಕ್ಕ ಮಂಡಿಯೂರಿ, ಬರಿಗೈಯನ್ನು ಅದರ ಮೇಲೆ ಚಾಚಿದ.

“ಎಳೀರಿ ಗೆರೆ.”

ಪಾಕೊಸ್ವಾವ್ ಇದ್ದಿಲು ಹಿಡಿದು ಮೊಣಕೈಯಿಂದ ಶುರುಮಾಡಿದ. ಗೆರೆ ಸೊಟ್ಟಗಾದೀತೆಂದು ಬಡಗಿ ಬಗ್ಗಿ ನೋಡುತ್ತಿದ್ದ. ಮಣಿಕಟ್ಟಿನ ಹತ್ತಿರ ಬರುವಾಗ ಮನೆಯೊಳಗಿನ ಕಿರುಚಾಟ ನಿಂತಿತು. ಇದ್ದಿಲೂ ನಿಂತಿತು.

ಆಮೇಲೆ ಕೂಸಿನ ಅಳು ಕೇಳಿತು. ಇನ್ನು ಕೋಲು ತರಿಸಬಹುದಿತ್ತು, ಯಾರೂ ಏಳಲಿಲ್ಲ. ಚಳಿಗೆ ರೋಮ ನಿಮಿರಿದ್ದ ತೋಳನ್ನು ದೊರೆ ಅಲ್ಲಾಡಿಸದೆ ಹಿಡಿದಿದ್ದ. ಇದ್ದಿಲು ಬೆರಳ ತುದಿಯತ್ತ ಸರಿಯಿತು.