ಎದುರುಗಾಳಿಯಲ್ಲಿ ಒಂಬೈನೂರು

ಸೋಮವಾರ ಬೆಳಿಗ್ಗೆ ಕಾಡಸಿದ್ದನ ಹೆಸರನ್ನು ಕರಿಹಲಗೆಯ ಕೊನೆಯ ಸಾಲಿನಲ್ಲಿ ಬರೆದು, ಅದರ ಮುಂದೆ ‘ಮಂದ’ ಎಂದು ಬರೆಯಲಾಯಿತು. ಅದು ಎರಡನೆಯ ವಾರ. ಮೂರನೆಯ ವಾರವೂ ಹೆಸರು ಅಲ್ಲೇ ಉಳಿದರೆ ಅವನ ನಾಲ್ಕು ಮಗ್ಗಗಳು ಇನ್ನೊಬ್ಬರ ಪಾಲಾಗುತ್ತವೆ. ಬರೆದವನು ಯಲಗೂರಪ್ಪ.

ಇಚಲಕರಂಜಿಯ ಶಹಾಪುರದ ಆ ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ನೇಯುವವರು ಒಂಬತ್ತು ಜನ, ಒಬ್ಬೊಬ್ಬರಿಗೆ ನಾಲ್ಕು ಮಗ್ಗ. ಮಾಲಕ ಪದ್ಮಕುಮಾರರು ಮೊಣಕಾಲು ನೋವೆಂದು ಅಕಿವಾಟದ ಹೊಲದ ಮನೆಯಲ್ಲಿ ಕುಳಿತ ಮೇಲೆ ಕಾರಭಾರ ಮಗ ಜಿನೇಶನ ಕೈಗೆ ಬಂದಿತ್ತು. ಜಿನೇಶ ಕೆಟ್ಟವನಲ್ಲ. ವಯಸ್ಸಾದವರನ್ನು ಕಾಕಾ ಎಂದೇ ಕರೆಯುವವನು, ದನಿ ಎತ್ತಿ ಮಾತಾಡದವನು. ಪುಣೆಯಲ್ಲಿ ಮೂರು ದಿನದ ಶಿಬಿರಕ್ಕೆ ಹೋಗಿ ಬಂದವನೇ ಒಂದು ಕರಿಹಲಗೆ ತಂದು ಬಾಗಿಲ ಪಕ್ಕ ತೂಗುಹಾಕಿದ. ವಾರಕ್ಕೊಮ್ಮೆ ಯಾರ ಮಗ್ಗದಿಂದ ಎಷ್ಟು ಮೀಟರ್ ಬಟ್ಟೆ ಇಳಿಯಿತೆಂದು ನೋಡಿ, ಒಂಬತ್ತೂ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಬರೆಯಬೇಕು. ಎಲ್ಲರಿಗಿಂತ ಮೇಲಿನವನಿಗೆ ‘ಚುರುಕು’, ಎಲ್ಲರಿಗಿಂತ ಕೆಳಗಿನವನಿಗೆ ‘ಮಂದ’. ನಡುವಿನ ಏಳು ಜನಕ್ಕೆ ಏನೂ ಇಲ್ಲ. ಅವರಿಗೆ ಹೆದರಿಕೆ ಸಾಕು.

ಬರೆಯುವುದಕ್ಕೆ ದುಂಡಗಿನ ಅಕ್ಷರ ಬೇಕಾಗಿತ್ತು. ಓಣಿಯ ಮದುವೆ ಕಾರ್ಡುಗಳ ಮೇಲೆ ಹೆಸರು ಬರೆಸಲು ಜನ ಯಲಗೂರಪ್ಪನ ಮನೆಗೇ ಬರುತ್ತಿದ್ದರು. ಅವನ ಕೈಯಲ್ಲಿ ಕನ್ನಡವೂ ದುಂಡಗೆ, ಮರಾಠಿಯೂ ದುಂಡಗೆ. ಹಲಗೆಯ ಕೆಲಸ ತನಗೆ ಬಂದಾಗ ಅವನು ಒಳಗೊಳಗೇ ಹಿಗ್ಗಿದ್ದ, ಸುಳ್ಳೇಕೆ ಹೇಳಬೇಕು. ಮೂವತ್ತಾರು ವರ್ಷ ಮಗ್ಗದ ಮುಂದೆ ನಿಂತವನನ್ನು ಬರೆ ಎಂದು ಶೆಡ್ಡಿನಲ್ಲಿ ಯಾರೂ ಕೇಳಿರಲಿಲ್ಲ.

ಕಾಡಸಿದ್ದ ಹಲಗೆಯ ಮುಂದೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತು ತನ್ನ ಹೆಸರನ್ನು ಓದಿಕೊಂಡ.

“ಎಷ್ಟು ಚಂದ ಬರದೀಯೋ ಯಲಗೂರ್ಯಾ. ನನ್ನ ಲಗ್ನಪತ್ರಿಕಿಯೊಳಗೂ ಹೆಸರು ಇಷ್ಟು ಚಂದ ಬಿದ್ದಿರಲಿಲ್ಲ.”

“ಮಾಲಕ್ರು ಹೇಳಿದ್ದು ಬರದೇನಿ.”

“ಬರಿ, ಬರಿ. ಕೈ ನಿಂದು, ಮಾತು ಅವರದು, ಹೆಸರು ನಂದು. ಮೂರೂ ಮಂದಿ ಕೂಡಿ ಮಾಡಿದ ಕೆಲಸ.”

ಕಾಡಸಿದ್ದ ನಕ್ಕು, ಹಿಂದಿನ ಸಾಲಿನ ತನ್ನ ಮಗ್ಗಗಳ ಕಡೆಗೆ ನಡೆದ. ಯಲಗೂರಪ್ಪನೂ ನಕ್ಕ. ಬೆರಳಿಗೆ ಹತ್ತಿದ ಸೀಮೆಸುಣ್ಣದ ಹುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು ತನ್ನ ಮಗ್ಗ ಶುರು ಮಾಡಿದ.

ಅವನ ಸುಖ ಬೇರೆಯೇ ಕಡೆ ಇತ್ತು. ಅದು ಮೂವತ್ತೈದು ಸಾವಿರ ಅಡಿ ಮೇಲಿತ್ತು.

ಮಗಳು ಪ್ರಣಿತಾ ಗಡಹಿಂಗ್ಲಜದಲ್ಲಿ ಸೋದರತ್ತೆ ಚೆನ್ನವ್ವನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಜನರನ್ನು ಹೊತ್ತೊಯ್ಯುವ ಜೆಟ್ ವಿಮಾನಗಳು ಎತ್ತರಕ್ಕೇರಿ ಸಮನಾಗಿ ಹಾರುವಾಗ ಯಾವುದರ ವೇಗ ಎಷ್ಟು ಎಂದು ಹೋಲಿಸಿ ನೋಡುವುದು ಅವಳ ಪ್ರಾಜೆಕ್ಟು. ದೀಪಾವಳಿಗೆ ಬಂದಾಗ ಅಪ್ಪನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ತಲೆಯ ಮೇಲೆ ಹೋಗುವ ವಿಮಾನ ಯಾವುದು, ಎಲ್ಲಿಂದ ಎಲ್ಲಿಗೆ, ಈಗ ಎಷ್ಟು ವೇಗ, ಎಲ್ಲವೂ ಅದರಲ್ಲಿ ಕಾಣುತ್ತಿತ್ತು. ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು, “ಚಾ ಕುಡಿಯಾಕ ಹೊರಗ ಬಂದಾಗ ಕಂಡಿದ್ದು ಬರದಿಡಪ್ಪಾ, ನಿನ್ನ ಅಕ್ಷರ ನೋಡೇ ಸರ್ ಪಾಸ್ ಮಾಡ್ತಾರ” ಎಂದಿದ್ದಳು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳೇ ಬರೆದ ಪಟ್ಟಿಯಿತ್ತು. ಏರ್‌ಬಸ್ 320, ಗಂಟೆಗೆ ಸುಮಾರು ಎಂಟುನೂರ ಮೂವತ್ತು ಕಿಲೋಮೀಟರ್. ಬೋಯಿಂಗ್ 737, ಎಂಟುನೂರ ನಲವತ್ತು. 777, ಎಂಟುನೂರ ತೊಂಬತ್ತು. 787, ಒಂಬೈನೂರು. ಮುದಿ ಜಂಬೋ 747 ಅದಕ್ಕಿಂತ ಒಂದು ಕೂದಲೆಳೆ ಮುಂದೆ.

“ಇಷ್ಟ ಏನ ಫರಕ?” ಯಲಗೂರಪ್ಪನಿಗೆ ನಿರಾಸೆಯಾಗಿತ್ತು. “ನಾನೂರು ಮಂದಿ ಕುಂಡ್ರೂದು, ನೂರಾ ಎಂಬತ್ತು ಮಂದಿ ಕುಂಡ್ರೂದು, ಎರಡೂ ಹೆಚ್ಚೂಕಡಿಮಿ ಒಂದ ಓಟ?”

“ಶಬ್ದದ ವೇಗದ ಸನೇಕ ಹೋದ್ರ ಗಾಳೀನ ಅಡ್ಡ ನಿಂದರತೈತಿ. ನೀರಿನಂಗ ಎಣ್ಣಿ ಕುಡೀತಾವ ಆವಾಗ. ಅದಕ್ಕ ಎಲ್ಲಾ ಅದರ ಕೆಳಗ ಒಂದರ ಬೆನ್ನಿಗೊಂದು ಹೋಗ್ತಾವು.”

ಆಮೇಲೆ ಅವನಿಗೆ ಆ ಸಣ್ಣ ಫರಕೇ ಹುಚ್ಚು ಹಿಡಿಸಿತು. ನಾಲ್ಕು ಗಂಟೆಗೆ ಚಾದಂಗಡಿಯ ಬೆಂಚಿನ ಮೇಲೆ ಒಂದು ಕೈಯಲ್ಲಿ ಗ್ಲಾಸು, ಒಂದು ಕೈಯಲ್ಲಿ ಫೋನು. ರಜೆಯ ದಿನ ಮನೆಯ ಮಾಳಿಗೆ. ಹೆಂಡತಿ ರಾಯವ್ವ ಪಕ್ಕದವರಿಗೆ ಹೇಳುತ್ತಿದ್ದಳು: “ಮಗ್ಗ ನೋಡಿ ನೋಡಿ ಇವರ ಕುತಿಗಿ ಬಗ್ಗಿತ್ತವ್ವಾ. ಈಗ ಮ್ಯಾಲ ನೋಡಿ ನೋಡಿ ನೆಟ್ಟಗ ಆಗೇತಿ. ಎಲುವಿನ ಡಾಕ್ಟರ್ ಕೈಲೆ ಆಗಲಾರದ್ದು ಇಮಾನ ಮಾಡ್ತು.”

ಆ ಶುಕ್ರವಾರ, ಶೆಡ್ಡಿನ ವಾರದ ರಜೆಗೆ, ಅಪ್ಪ ಇಚಲಕರಂಜಿಯಿಂದ, ಮಗಳು ಗಡಹಿಂಗ್ಲಜದಿಂದ ಎಸ್ಟಿ ಬಸ್ಸು ಹತ್ತಿ ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಕೂಡಿದರು. ಅಲ್ಲಿಂದ ರಿಕ್ಷಾದಲ್ಲಿ ಉಜಳಾಯಿವಾಡಿಗೆ. ವಿಮಾನ ನಿಲ್ದಾಣದ ಗೋಡೆಯಾಚೆ ಒಂದು ಬೇವಿನ ಗಿಡದ ಕೆಳಗೆ ರಾಯವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಡಿಸೆಂಬರಿನ ಬಿಸಿಲು ಮೈಗೆ ಹಿತವಾಗಿತ್ತು. ಪಂಖದ ಸಣ್ಣ ವಿಮಾನವೊಂದು ಗುಡುಗುಡು ಎನ್ನುತ್ತ ಇಳಿಯಿತು. ಗೋಡೆಯ ಬಳಿ ನಿಂತಿದ್ದ ಜನ ಫೋನು ಎತ್ತಿ ಹಿಡಿದರು. ಯಲಗೂರಪ್ಪ ರೊಟ್ಟಿಯಿಂದ ತಲೆಯನ್ನೂ ಎತ್ತಲಿಲ್ಲ.

“ಇದು ನಮ್ಮ ಪಟ್ಟಿಯೊಳಗ ಬರಂಗಿಲ್ಲ. ಇದಕ್ಕ ರೆಕ್ಕಿ ಮ್ಯಾಲ ಫ್ಯಾನ್ ಅದಾವು. ಐದನೂರರ ಆಸುಪಾಸು.”

“ಭಾಳ ಶಾಣ್ಯಾ ಆಗಿ ಬಿಡಪ್ಪಾ ನೀ.” ಪ್ರಣಿತಾ ಕೈ ಒರೆಸಿಕೊಂಡು ನೋಟ್‌ಬುಕ್ ತೆರೆದಳು.

ಆರು ವಾರದ ಕೆಲಸ. ನೂರಾ ಅರವತ್ತು ವಿಮಾನಗಳು ದುಂಡಗಿನ ಅಕ್ಷರಗಳಲ್ಲಿ ಸಾಲಾಗಿ ಕುಳಿತಿದ್ದವು. ಪುಟ ತಿರುವುತ್ತಿದ್ದವಳು ಕೊನೆಯ ಎರಡು ವಾರಗಳ ಪುಟಕ್ಕೆ ಬಂದು ನಿಂತಳು. ಅಪ್ಪ ಆ ವಾರಗಳ ವಿಮಾನಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿದ್ದ. ಮೇಲೆ ಇದ್ದದ್ದರ ಮುಂದೆ ‘ಚುರುಕು’. ಕೆಳಗೆ ಇದ್ದದ್ದರ ಮುಂದೆ ‘ಮಂದ’. ಎರಡು ವಾರವೂ ತಳದಲ್ಲಿ ಬೋಯಿಂಗ್ 787.

“ಅಪ್ಪಾ, ಇದಕ್ಕ್ಯಾಕ ಮಂದ ಅಂತ ಬರದಿ?”

“ಮತ್ತೇನ ಬರೀಲಿ? ಒಂಬೈನೂರ ಹೋಗ್ತೇನಿ ಅಂತ ಹೆಸರ ಮಾಡಿ ಏಳನೂರ ತೊಂಬತ್ತು ಹೋಗಾಕತ್ತೈತಿ. ಆ ಸಣ್ಣದು ನೋಡು, 320. ಒಂಬೈನೂರ ಮೂವತ್ತು ಹೊಡದೈತಿ.”

“ದೊಡ್ಡದು ಎತ್ತಾಗ ಹೊಂಟಿತ್ತು?”

“ಪಡುವಲಕ್ಕ. ಸಮುದ್ರದ ಕಡೆ.”

“ಸಣ್ಣದು?”

“ಹೈದರಾಬಾದ್ ಕಡೆ. ಮೂಡಲಕ್ಕ.”

ಪ್ರಣಿತಾ ನಗತೊಡಗಿದಳು. ನಕ್ಕು ನಕ್ಕು ಬೇವಿನ ಗಿಡಕ್ಕೆ ಒರಗಿದಳು. ಅವಳ ನಗುವಿಗೆ ಯಲಗೂರಪ್ಪನಿಗೂ ನಗು ಬಂತು, ಏಕೆಂದು ತಿಳಿಯದೆಯೇ.

“ಚಳಿಗಾಲದಾಗ ಅಷ್ಟು ಮ್ಯಾಲ ಪಡುವಲ ಕಡೆಯಿಂದ ಗಾಳಿ ಬೀಸತೈತಪ್ಪಾ. ಒಮ್ಮೊಮ್ಮೆ ತಾಸಿಗೆ ನೂರು, ನೂರಾ ಹತ್ತು ಕಿಲೋಮೀಟರ್. ದೊಡ್ಡದು ಅದಕ್ಕ ಎದಿಕೊಟ್ಟು ಹೊಂಟೈತಿ. ಸಣ್ಣದನ್ನ ಅದ ಗಾಳಿ ಬೆನ್ನಿಗೆ ಕೈ ಹಚ್ಚಿ ದೂಡಾಕತ್ತೈತಿ. ಫೋನಿನ್ಯಾಗ ನಿನಗ ಕಾಣೂದು ನೆಲದ ಮ್ಯಾಲಿನ ಓಟ. ಗಾಳಿಯೊಳಗ ದೊಡ್ಡದು ಒಂಬೈನೂರ ಹೋಗಾಕತ್ತೈತಿ.”

“ಅಂದ್ರ ಇಂಜಿನ್ ಕಡಿಮಿ ದುಡದಿಲ್ಲ?”

“ಏನೂ ಕಡಿಮಿ ಇಲ್ಲ. ನೆಲಕ್ಕ ಅದು ಗೊತ್ತಾಗಂಗಿಲ್ಲ, ಅಷ್ಟ.”

ಯಲಗೂರಪ್ಪ ತುತ್ತನ್ನು ಬುತ್ತಿಯಲ್ಲಿಟ್ಟು ಕೈ ಒರೆಸಿಕೊಂಡ. ನಾಚಿಕೆ ಅವನಿಗೆ ವಿಮಾನದ ವಿಷಯಕ್ಕೆ ಆಗಲಿಲ್ಲ. ಯಾರೂ ಹೇಳದೆ, ಯಾರೂ ಕೇಳದೆ, ಮಗಳು ಪ್ರೀತಿಯಿಂದ ಕೊಟ್ಟ ಪುಸ್ತಕದಲ್ಲೂ ತನ್ನ ಕೈ ಶೆಡ್ಡಿನ ಹಲಗೆಯನ್ನೇ ಬರೆದಿತ್ತು.

“ಇರಲಿ ಬಿಡಪ್ಪಾ, ನಾ ತಿದ್ದತೇನಿ.”

“ಬ್ಯಾಡ, ಕೊಡಿಲ್ಲೆ. ಬರದಾಂವ ನಾನು.”

ಎರಡೂ ‘ಮಂದ’ಗಳನ್ನು ಅವನೇ ಪೆನ್ನಿನಿಂದ ಹೊಡೆದುಹಾಕಿದ. ಆಮೇಲೆ ಕೇಳಿದ: “ಗಾಳಿ ಎತ್ತಾಗಿತ್ತು, ಎಷ್ಟಿತ್ತು ಅಂತ ಬರಿಯಾಕ ಇನ್ನೊಂದು ಕಾಲಂ ಬೇಕಲ್ಲ?” ಮಗಳು ಗೆರೆ ಎಳೆದಳು, ತಲೆಬರಹ ಅವನು ಬರೆದ. ಸಂಜೆಯ ತನಕ ಇಬ್ಬರೂ ಅಲ್ಲೇ ಕುಳಿತು, ಮಗಳ ಫೋನಿನಲ್ಲಿ ಆಯಾ ದಿನದ ಮೇಲ್ಗಾಳಿಯ ಲೆಕ್ಕ ಹುಡುಕಿ, ಒಂದೊಂದೇ ವಿಮಾನಕ್ಕೆ ಅದರ ಗಾಳಿಯನ್ನು ಸೇರಿಸುತ್ತ ಹೋದರು. ಗಾಳಿ ಸೇರಿದಂತೆ ತಳದಲ್ಲಿದ್ದದ್ದು ಮೇಲೆ ಬಂತು, ಮೇಲಿದ್ದದ್ದು ಕೆಳಗಿಳಿಯಿತು. ಇಷ್ಟು ಸುಖದ ರಜೆ ಅವನಿಗೆ ಎಷ್ಟೋ ವರ್ಷಗಳಿಂದ ಸಿಕ್ಕಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಅವನು ರೊಟ್ಟಿಯನ್ನು ಬೇಗ ಮುಗಿಸಿ, ತನ್ನ ಮಗ್ಗಗಳನ್ನು ಪಕ್ಕದವನಿಗೆ ನೋಡಿಕೊಳ್ಳಲು ಹೇಳಿ, ಹಿಂದಿನ ಸಾಲಿಗೆ ಹೋಗಿ ನಿಂತ. ಕಾಡಸಿದ್ದ ಉಣ್ಣಲು ಹೋಗಿರಲಿಲ್ಲ. ಹರಿದ ಎಳೆಯ ತುದಿ ಹುಡುಕುತ್ತಿದ್ದ.

“ಏನೋ, ಇಮಾನ ನೋಡಾಕ ಬಂದಿ ಏನ?”

“ಹೌದು. ನೀ ನಿನ್ನ ಕೆಲಸ ಮಾಡು.”

ಮೂವತ್ತಾರು ವರ್ಷದ ಕಿವಿ ಅದು. ಕಾಡಸಿದ್ದನ ಮಗ್ಗಗಳು ಮುಂದಿನ ಸಾಲಿನ ಮಗ್ಗಗಳಷ್ಟೇ ವೇಗದಲ್ಲಿ ಬಡಿಯುತ್ತಿವೆ ಎಂದು ತಿಳಿಯಲು ಗಡಿಯಾರ ಬೇಕಿರಲಿಲ್ಲ. ಆದರೆ ಅವುಗಳ ಮೇಲೆ ಏರಿಸಿದ ಬೀಮು, ಅಂದರೆ ಹಾಸಿನ ನೂಲು ಸುತ್ತಿದ ಉರುಳೆ, ಬೇರೆ. ಗಂಜಿ ಸರಿಯಾಗಿ ಹಿಡಿಯದ ಅಗ್ಗದ ನೂಲು. ಒಂದು ಮಗ್ಗ ಮೂರು ನಿಮಿಷ ಓಡುವುದರೊಳಗೆ ಒಂದು ಎಳೆ ಪಟ್ಟೆಂದು ಹರಿಯುವುದು. ಮಗ್ಗ ನಿಲ್ಲಿಸಬೇಕು, ತುದಿ ಹುಡುಕಬೇಕು, ಗಂಟು ಹಾಕಿ ಮತ್ತೆ ಬಿಡಬೇಕು. ಅಷ್ಟರಲ್ಲಿ ಪಕ್ಕದ ಮಗ್ಗದಲ್ಲಿ ಇನ್ನೊಂದು. ಅರ್ಧ ತಾಸಿನಲ್ಲಿ ನಲವತ್ತೊಂದು ಎಳೆ ಹರಿದವು. ಯಲಗೂರಪ್ಪನ ನಾಲ್ಕು ಮಗ್ಗಗಳಲ್ಲಿ ಇಡೀ ದಿನಕ್ಕೆ ಅಷ್ಟು ಹರಿಯುವುದಿಲ್ಲ. ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡುವ ಕಾಲು, ಎಲ್ಲರಿಗಿಂತ ಹೆಚ್ಚು ಗಂಟು ಹಾಕುವ ಬೆರಳು ಕಾಡಸಿದ್ದನದು.

ಇದು ಗುಟ್ಟೇನೂ ಅಲ್ಲ. ಒಂಬತ್ತೂ ಜನಕ್ಕೆ ಗೊತ್ತಿತ್ತು. ಹಲಗೆಯ ಮೇಲೆ ಬೀಮಿಗೆ ಜಾಗವಿರಲಿಲ್ಲ, ಅಷ್ಟೇ.

ಸೋಮವಾರ ಬೆಳಿಗ್ಗೆ ಜಿನೇಶ ಒಂದು ಚೀಟಿ, ಒಂದು ತುಂಡು ಸೀಮೆಸುಣ್ಣ ಹಿಡಿದು ಬಾಗಿಲ ಬಳಿ ಬಂದ. ಹಲಗೆಯನ್ನು ಆಗಲೇ ಒದ್ದೆ ಅರಿವೆಯಿಂದ ಒರೆಸಿಟ್ಟಿದ್ದರು. ಚೀಟಿಯ ಕೊನೆಯ ಹೆಸರು ಕಾಡಸಿದ್ದನದೇ.

“ಬರೀರಿ ಕಾಕಾ. ಇದು ಮೂರನೇದು. ನಾಳಿಯಿಂದ ಅವರ ಮಗ್ಗ ಕೆಲಸ ಕೇಳಾಕ ಬಂದ ಆ ಹೊಸ ಹುಡುಗ ರಾಜಕುಮಾರಗ ಕೊಡೂನು.”

“ಮಾಲಕ್ರ, ಒಂದು ಮಾತ ಕೇಳಬೇಕಿತ್ರಿ. ಹಿಂದಿನ ಸಾಲಿನ ಬೀಮು ನೋಡೀರೇನ್ರಿ?”

“ಅದು ಬ್ಯಾರೆ ವಿಷಯ ಕಾಕಾ. ಹಲಗಿ ಮ್ಯಾಲ ಬಟ್ಟೆ ಎಷ್ಟು ಅಂತ ಅಷ್ಟ.”

ಯಲಗೂರಪ್ಪ ವಿಮಾನದ ಕಥೆ ಹೇಳಿದ. ಎದುರುಗಾಳಿಯಲ್ಲಿ ಒಂಬೈನೂರರ ವಿಮಾನ ನೆಲಕ್ಕೆ ಏಳುನೂರ ತೊಂಬತ್ತಾಗಿ ಕಂಡದ್ದು, ತಾನು ಅದಕ್ಕೆ ಮಂದ ಎಂದು ಬರೆದದ್ದು, ಮಗಳು ನಕ್ಕದ್ದು. ಜಿನೇಶ ತಾಳ್ಮೆಯಿಂದ ಕೇಳಿದ. ಅವನಿಗೂ ನಗು ಬಂತು.

“ಛಲೋ ಐತಿ ಕಾಕಾ. ಆದ್ರ ಇದು ಆಕಾಶ ಅಲ್ಲ, ಶೆಡ್ಡು.”

“ಅದನ್ನ ಹೇಳಾಕತ್ತೇನ್ರಿ. ಅಲ್ಲೆ ಗಾಳಿ ಯಾರ ಕೈಯಾಗೂ ಇಲ್ಲ. ಇಲ್ಲೆ ಬೀಮು ಏರಸಾವ್ರು ನೀವು.”

ಜಿನೇಶನ ನಗು ನಿಂತಿತು. ಅವನು ಸೀಮೆಸುಣ್ಣವನ್ನು ಮುಂದೆ ಚಾಚಿದ. ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಆ ಶೆಡ್ಡಿನ ಜನ ಬೆಳಗಿನಿಂದ ಸಂಜೆಯವರೆಗೆ ಒಬ್ಬರ ತುಟಿಯನ್ನು ಇನ್ನೊಬ್ಬರು ಓದಿಯೇ ಸುಖದುಃಖ ಹೇಳಿಕೊಳ್ಳುವವರು. ಈಗ ಎಂಟೂ ಜನ ತಮ್ಮ ತಮ್ಮ ಮಗ್ಗದ ಮುಂದೆ ನಿಂತು ಬಾಗಿಲ ಕಡೆಗೆ ನೋಡುತ್ತಿದ್ದರು.

“ಕಾಕಾ, ಸುಮ್ನ ಹೇಳಿದಷ್ಟು ಬರೀರಿ. ನೀವು ಬರಿಯಲಿಲ್ಲಂದ್ರ ಮುಂದಿನ ವಾರ ನಿಮ್ಮ ಮಗ್ಗಕ್ಕೂ ಅದ ಬೀಮು ಬರತೈತಿ. ಆವಾಗ ಕೆಳಗ ಯಾರ ಹೆಸರ ಇರತೈತಿ, ನೀವ ವಿಚಾರ ಮಾಡ್ರಿ.”

ಯಲಗೂರಪ್ಪ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡ. ದನಿ ಎತ್ತಲಿಲ್ಲ, ಎಲ್ಲರಿಗೂ ಕಾಣುವಂತೆ ಮುಖ ಎತ್ತಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

“ಕೆಳಗ ನನ್ನ ಹೆಸರು ಬಂದ್ರ ಬರಲಿ, ಅದನ್ನ ಬ್ಯಾರೆಯವರ ಕೈಲೆ ಬರಸ್ರಿ. ಕಾಡಸಿದ್ದನ ಹೆಸರೂ ಅವರ ಬರೀಲಿ. ನಾ ಬರಿಯಂಗಿಲ್ರಿ.”