ಹದಿನಾಲ್ಕು ಕಡೆ ಅಸ್ಪಷ್ಟ

ಹದಿಮೂರು ವರ್ಷದ ನನ್ನ ಕಂಪ್ಯೂಟರ್ ಅಂದು ಬೆಳಗ್ಗೆ ಮುಷ್ಕರ ಹೂಡಿತು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಮಾನಿಟರಿನ ತಲೆಗೆ ಎರಡು ಏಟೂ ಕೊಟ್ಟೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಸಂಶೋಧಕರು ಮಾಡಿದ ಸಂದರ್ಶನಗಳನ್ನು ಕೇಳಿ ಟೈಪ್ ಮಾಡಿಕೊಡುವುದು ನನ್ನ ಕೆಲಸ, ಇಪ್ಪತ್ತೆರಡು ವರ್ಷವಾಯಿತು. ಒಬ್ಬ ನಿವೃತ್ತ ನರ್ಸಿನ ಸಂದರ್ಶನವನ್ನು ಸಂಜೆ ನಾಲ್ಕಕ್ಕೆ ಕಳಿಸಬೇಕಿತ್ತು. ಹೋದ ತಿಂಗಳು ನನ್ನ ಎರಡು ಪ್ರತಿಗಳು ವಾಪಸು ಬಂದಿದ್ದವು. ‘ಎಲ್ಲೆಲ್ಲೂ ಅಸ್ಪಷ್ಟ ಎಂದು ಬರೆದಿದ್ದೀರಿ, ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ’ ಎಂಬ ಒಕ್ಕಣೆ ಬೇರೆ. ಅವರ ಮೈಕು ಸರಿಯಿಲ್ಲದಿದ್ದರೆ ನಾನೇನು ಮಾಡಲಿ? ಈಗಿನ ಜನರೂ ಹಾಗೇ, ಬಾಯೊಳಗೇ ಮಾತಾಡುತ್ತಾರೆ. ಖಾರವಾಗಿ ಒಂದು ಉತ್ತರ ಬರೆದಿಟ್ಟಿದ್ದೆ. ಅದೂ ಈ ಡಬ್ಬದೊಳಗೇ ಇತ್ತು.

ರಿಪೇರಿಯವನಿಗೆ ಫೋನ್ ಮಾಡಿದೆ.

“ಆನ್ ಮಾಡಿದಾಗ ಬೀಪ್ ಸದ್ದು ಬರುತ್ತಾ ಸಾರ್?”

“ಎಂಥ ಬೀಪೂ ಇಲ್ಲ. ಫ್ಯಾನ್ ಒಂದು ಗುಂಯ್ ಅಂತಿದೆ.”

“ಹಾಗಾದ್ರೆ ಬೋರ್ಡೇ ಹೋಗಿದೆ. ಆ ಕಾಲದ ಬೋರ್ಡು ಈಗ ಸಿಗಲ್ಲ. ಬೇರೆ ಕಂಪ್ಯೂಟರೇ ತಗೊಳ್ಳಿ.”

ಅಷ್ಟರಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು.

“ಏನ್ರೀ ಅದು, ಆಗಿನಿಂದ ಕೀಂಯ್ ಕೀಂಯ್ ಅಂತ ಬಡ್ಕೊಳ್ತಿದೆ? ಅಡುಗೆಮನೆ ತನಕ ಕೇಳ್ತಿದೆ!”

“ತಮಾಷೆ ಮಾಡಬೇಡ, ನನಗೆ ಹೊತ್ತಿಲ್ಲ” ಎಂದು ರೇಗಿದೆ. ಅವಳು ಗುಂಡಿಯತ್ತ ಕೈ ತೋರಿಸಿದಳು. ಮತ್ತೆ ಒತ್ತಿ, ಡಬ್ಬಕ್ಕೆ ಕಿವಿ ಆನಿಸಿದೆ. ಫ್ಯಾನಿನ ಗುಂಯ್ ಬಿಟ್ಟರೆ ಏನೂ ಇಲ್ಲ. ತಲೆಯೆತ್ತಿದರೆ ಅವಳು ಬೆರಳೆತ್ತಿ ಎಣಿಸುತ್ತಿದ್ದಳು: ಒಂದು, ಎರಡು, ಮೂರು. ಸ್ವಲ್ಪ ತಡೆದು ಮತ್ತೆ ಒಂದು, ಎರಡು, ಮೂರು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ನನಗೆ ಹೆದರಿಕೆಯಾಯಿತು.

“ಮೂರು ಸಲ ಬರುತ್ತಂತೆ” ಎಂದೆ ಫೋನಿಗೆ.

“ಆಗಲೇ ಹೇಳೋದಲ್ವಾ ಸಾರ್! ಮೂರು ಬೀಪ್ ಅಂದ್ರೆ ಬೋರ್ಡಲ್ಲ, ಮೆಮೊರಿಯ ರ‍್ಯಾಮ್ ಕಡ್ಡಿ. ಕರೆಂಟ್ ತೆಗೆದು, ಕಡ್ಡಿ ಕಿತ್ತು, ಅದರ ಹಳದಿ ಅಂಚನ್ನ ರಬ್ಬರಲ್ಲಿ ಉಜ್ಜಿ ಹಾಕಿ. ಎರಡೂ ಕಡೆ ಟಕ್ ಅನ್ನಬೇಕು.”

ಉಜ್ಜಿದೆ. ಪೆನ್ಸಿಲ್ ಅಳಿಸುವ ರಬ್ಬರು ಕಪ್ಪಾಯಿತು. ಕಡ್ಡಿಯನ್ನು ಜಾಗದಲ್ಲಿ ಒತ್ತಿ ಹೆಂಡತಿಯ ಮುಖ ನೋಡಿದೆ. “ಟಕ್ ಅಂತು” ಎಂದಳು. ಗುಂಡಿ ಒತ್ತಿದ್ದೇ ತಡ, ಪರದೆ ಬೆಳಗಿತು.

ನರ್ಸಿನ ಸಂದರ್ಶನ ತೆರೆದೆ. ಹದಿನಾಲ್ಕು ಕಡೆ ‘ಅಸ್ಪಷ್ಟ’ ಎಂದು ಬರೆದಿದ್ದೆ. ಮೊದಲನೆಯದರ ಜಾಗ ಹುಡುಕಿ ಹೆಡ್‌ಫೋನನ್ನು ಅವಳ ಕಿವಿಗಿಟ್ಟೆ. ಅವಳು ಬೆಚ್ಚಿ, “ಅಯ್ಯೋ, ಇಷ್ಟು ಜೋರಾಗಿ ಇಟ್ಕೊಂಡಿದೀರಾ!” ಎಂದು ಸದ್ದು ಇಳಿಸಿದಳು. ಆಮೇಲೆ ಎಲ್ಲೂ ತಡವರಿಸದೆ ಹೇಳಿದಳು: “‘ಮೊದಲ ದಿನ ನನ್ನ ಕೈ ನಡುಗ್ತಿತ್ತು, ಯಾರಿಗೂ ಹೇಳ್ಲಿಲ್ಲ’ ಅಂತಿದ್ದಾರೆ. ಚೆನ್ನಾಗೇ ಕೇಳ್ತಿದೆಯಲ್ರೀ.”

ಟೈಪ್ ಮಾಡಿದೆ. ಹದಿನಾಲ್ಕನ್ನೂ ಹಾಗೇ ಒಂದೊಂದಾಗಿ ಅಳಿಸಿದೆವು. ನಾಚಿಕೆಯಿಂದ ಅವಳ ಕಡೆ ನೋಡಲಾಗಲಿಲ್ಲ. ನಾಲ್ಕಕ್ಕೆ ಐದು ನಿಮಿಷವಿರುವಾಗ ಪ್ರತಿ ಕಳಿಸಿ, ಖಾರದ ಪತ್ರವನ್ನು ಅಳಿಸಿಹಾಕಿ ಬೇರೆ ಬರೆದೆ: ‘ನಿಮ್ಮ ಮೈಕು ಸರಿಯಾಗಿದೆ. ನನ್ನ ಕಿವಿ ಮಂದವಾಗಿದೆ. ಡಾಕ್ಟರಿಗೆ ತೋರಿಸುವವರೆಗೆ ಹೆಂಡತಿ ಕೇಳಿ ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಒಪ್ಪಿಗೆಯಿದ್ದರೆ ಕೆಲಸ ಕೊಡಿ.’

ಕಳಿಸುವ ಮುನ್ನ ಅವಳಿಗೆ ತೋರಿಸಿದೆ. ಅವಳು ಓದಿ, ಪರದೆ ನೋಡುತ್ತಲೇ ಮೆಲ್ಲಗೆ ಏನೋ ಅಂದಳು.

“ಸ್ವಲ್ಪ ಜೋರಾಗಿ ಹೇಳು, ನನಗೆ ಕೇಳಿಸಲಿಲ್ಲ” ಎಂದೆ.