ವಾಸನೆ ಬಿಡಿಸುವ ದಶರಥ

ದಶರಥನ ಮೈಗೆ ತನ್ನದೆಂಬ ವಾಸನೆಯೇ ಇರಲಿಲ್ಲ. ಜಹೀರಾಬಾದಿನ ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯುವ ಸಂಬಳದ ನೌಕರನಾದ ಅವನು ಬೆಳಿಗ್ಗೆ ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ, ತಂಬಾಕು ಹಾಕುತ್ತಿರಲಿಲ್ಲ, ಖಾಕಿ ಕೋಟನ್ನು ಅಂಟುವಾಳದ ನೊರೆಯಲ್ಲಷ್ಟೇ ಒಗೆಯುತ್ತಿದ್ದ. ಬಿಡುವಿನ ದಿನ ಯಾರದಾದರೂ ಕಾರಿನ ದುರ್ವಾಸನೆ ಬಿಡಿಸುವಾಗ ತನ್ನದೂ ಒಂದು ಅದಕ್ಕೆ ಸೇರಬಾರದೆಂದು. ಕಳೆದದ್ದೇನನ್ನೋ ಹುಡುಕುವವನಂತೆ ತಲೆ ಮುಂದೆ ಬಾಗಿಸಿ ನಡೆಯುತ್ತಿದ್ದ. ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು, ಒಳಗೆ ಹೋಗದೆ ನಿಂತು, ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಏನ್ ಚೆಲ್ಲೇದ, ಖರೇ ಹೇಳ್ರಿ."

ಅತ್ತರು, ಊದುಬತ್ತಿ, ತೂಗುವ ಸೆಂಟಿನ ಬಿಲ್ಲೆ ಕಂಡರೆ ಅವನಿಗೆ ಮೈಯೆಲ್ಲ ಉರಿ. ಮಗುವಿನ ವಾಂತಿಯ ಮೇಲೆ ಬಾಟಲಿ ಅತ್ತರು ಸುರಿದುಕೊಂಡು ಬಂದ ತಾಂಡೂರಿನ ಕಲ್ಲಿನ ವ್ಯಾಪಾರಿಗೆ, ವಾಂತಿಯದು ಒಂದು ದಿನದ ಕೆಲಸ, ನಿಮ್ಮ ಅತ್ತರಿನದು ಒಂದು ವಾರದ್ದು ಎಂದಿದ್ದ; ಹಾಗೆಯೇ ವಾರ ಹಿಡಿಯಿತು ಕೂಡ.

ಎರಡು ಸಾವಿರದ ಹನ್ನೊಂದರಲ್ಲಿ ತೆಲಂಗಾಣ ರಾಜ್ಯಕ್ಕಾಗಿ ನಡೆದ ‘ಸಕಲ ಜನುಲ ಸಮ್ಮೆ’ ಎಂಬ ಸಾರ್ವತ್ರಿಕ ಮುಷ್ಕರದಲ್ಲಿ ಬಸ್ಸುಗಳು ನಿಂತವು, ದಶರಥನ ಸೂಜಿಯೂ ನಿಂತಿತು. ನೌಕರರ ಮುಂದಾಳು ಮಿಲಿಂದ್, ಹೆದ್ದಾರಿಯ ಮೇಲೇ ಅಡುಗೆ ಮಾಡಿ ಉಣ್ಣುವ ‘ವಂಟಾ ವಾರ್ಪು’ ಧರಣಿಗೆಂದು ತನ್ನ ಹಳೆಯ ಕಾರಿನಲ್ಲಿ ಮಜ್ಜಿಗೆಯ ಕೊಡ ಒಯ್ಯುವಾಗ ಅದು ಉರುಳಿತ್ತು. ಅವಸರಕ್ಕೆ ಕುದಿನೀರು ಹಾಕಿ ತೊಳೆದ. ಚೆಲ್ಲಿದ್ದೆಲ್ಲ ಬೆಂದು ಸೀಟಿನೊಳಗೆ ಅಂಟಿ, ವಾರದೊಳಗೆ ಕಾರು ನಾರತೊಡಗಿತು. ಅವನ ತಾಯಿ ಸಾವಿತ್ರೀಬಾಯಿ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬೀದರಿಗೆ ಹೋಗಲೇಬೇಕು, ಬೇರೆ ಗಾಡಿಯಿಲ್ಲ. ಕರ್ನಾಟಕದ ಗಡಿ ಮುಟ್ಟುವ ಮೊದಲೇ ಎರಡು ಸಲ ವಾಂತಿಯಾಗಿ ಆಕೆ ಮರಳಿದಳು. ಒಂದು ಸರದಿ ತಪ್ಪಿತು, ಕಾಲು ಬಾತವು. "ಸತ್ರ ಮನ್ಯಾಗ ಸಾಯ್ತೀನಿ, ಆ ಗಾಡ್ಯಾಗ ಕೂಡಲ್ಲ" ಎಂದಳು. ಮುಂದಿನ ಸರದಿಗೆ ಎರಡೇ ದಿನ ಉಳಿದಿದ್ದವು.

ದಶರಥನನ್ನು ಕರೆಸಿದರು. ಅವನ ಪ್ರಶ್ನೆಗೆ ಮಿಲಿಂದ್, ಮಜ್ಜಿಗೆ ಚೆಲ್ಲಿದೆ, ಅಷ್ಟೇ, ಎಂದು ಧರಣಿಗೆ ಓಡಿದ. ದಶರಥ ಸೀಟುಗಳನ್ನು ಕಳಚಿ ಅಂಗಳಕ್ಕೆ ತಂದ. ತಣ್ಣೀರು, ಅಡುಗೆ ಸೋಡಾ, ಬಿಸಿಲು, ಮತ್ತೆ ತಣ್ಣೀರು. ಎರಡನೆಯ ಸಂಜೆ ಮನೆಯವರು, ನೆರೆಯವರು ಎಲ್ಲರೂ ಮೂಸಿ, ಹೋಯಿತೆಂದರು. ದಶರಥನಿಗೂ ಏನೂ ಬರಲಿಲ್ಲ. ಆದರೆ ಅವನದೊಂದು ಹಟ: ಯಾರು ತಾಳಲಾರೆವೆಂದರೋ ಅವರೇ ಗಾಜು ಏರಿಸಿ ಹತ್ತು ನಿಮಿಷ ಕೂತು ಹೇಳಬೇಕು. ಸಾವಿತ್ರೀಬಾಯಿ ಹಿಂದಿನ ಸೀಟಿನಲ್ಲಿ ಕೂತು, ಸೆರಗನ್ನು ಬಾಯಿಗೊತ್ತಿಕೊಂಡು ಇಳಿದಳು. ಇನ್ನೂ ಇದೆ ಎಂದಳು.

ಧರಣಿಯಿಂದ ಮರಳಿದ್ದ ಮಿಲಿಂದ್ ರೇಗಿದ. ಅವ್ವನಿಗೆ ಸೂಜಿಯ ಭಯ, ವಾಸನೆ ಬರೀ ನೆಪ ಎಂದ. ನಿಮಗೆ ತಿಳಿಯದಿದ್ದರೆ ನಮ್ಮ ನೋವು ನೋವಲ್ಲವೇ ಎಂದು ದಿನವೂ ಮೈಕಿನಲ್ಲಿ ಸರಕಾರವನ್ನು ಕೇಳುತ್ತಿದ್ದವನೂ ಇವನೇ.

ದಶರಥ ಮುದುಕಿಯ ಕಡೆ ತಿರುಗಿದ. "ನಿಮಗ ಬರ್ತದಂದ್ರ ವಾಸನಿ ಅದ ರೀ. ಯಾ ಕಡಿಂದ ಬರ್ತದ?"

ಆಕೆ ಎಡಗಡೆಯ ಬಾಗಿಲ ಕಂಬ ತೋರಿಸಿದಳು. ಕೊಡ ಎಲ್ಲಿಟ್ಟಿದ್ದಿರಿ, ಖರೇ ಹೇಳಿರೆಂದು ಅವನು ಮಿಲಿಂದನನ್ನು ಮತ್ತೆ ಕೇಳಿದ.

"ಮುಂದಿನ ಸೀಟ್ನ್ಯಾಗ. ಉರುಳಬಾರ್ದಂತ ಬೆಲ್ಟ್ ಹಾಕಿದ್ದೆ."

ಆ ಬೆಲ್ಟನ್ನು ಮನುಷ್ಯರು ಒಬ್ಬರೂ ಹಾಕಿಕೊಂಡವರಲ್ಲ. ದಶರಥ ಎಳೆದ, ಕಂಬದೊಳಗೆ ಸುತ್ತಿಕೊಂಡಿದ್ದ ಪಟ್ಟಿ ಒಣಗಿದ ಮಜ್ಜಿಗೆಯಿಂದ ಹಪ್ಪಳದಂತೆ ಬಿರುಸಾಗಿ ಹೊರಬಂತು. ಅದನ್ನೂ ಅದರ ಸುರುಳಿಯನ್ನೂ ಬಿಚ್ಚಿ ತೊಳೆದ. ಮರುದಿನ ಬಿಸಿಲಿಗೆ ಒಣಗಿಸಿ ಕೂಡಿಸಿದ ಮೇಲೆ ಸಾವಿತ್ರೀಬಾಯಿ ಮತ್ತೆ ಗಾಜು ಏರಿಸಿ ಕೂತಳು. ಹತ್ತು ನಿಮಿಷವಾದರೂ ಇಳಿಯಲಿಲ್ಲ. ಗಾಜು ತುಸು ಇಳಿಸಿ ಮಗನಿಗೆ, "ನಡಿ, ಹೊತ್ತಾತು" ಎಂದಳು.

ಚುರುಕು ಮೂಗಿನವರು ಊರಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ತನಗೆ ಬಾರದ ವಾಸನೆಯನ್ನು ಇನ್ನೊಬ್ಬರ ಮಾತಿನ ಮೇಲೆ ನಂಬಿ, ಮುಗಿಸಿದ ಕೆಲಸವನ್ನು ಮತ್ತೆ ಬಿಚ್ಚುವವರು ವಿರಳ. ಅಂಥವರ ಮೇಲೆ ನನಗೆ ಅಪಾರ ಗೌರವ. ಅವರು ಇರುವ ಊರಿನಲ್ಲಿ ಕಾಯಿಲೆಯವರು ತಮ್ಮ ಸರದಿಗೆ ಸರಿಯಾಗಿ ಬೀದರು ಮುಟ್ಟುತ್ತಾರೆ.